ಗಾಳಿ ತಿಳಿಯಾದ ಮೇಲೆ ಬೆಟ್ಟದ ಸ್ಪ್ರೂಸ್ ಕಾಡಿಗೆ ಏನಾಯಿತು?

ಅಮೆರಿಕದ ಈಶಾನ್ಯದಲ್ಲಿರುವ ವರ್ಮಾಂಟ್ ರಾಜ್ಯದಲ್ಲಿ ಕ್ಯಾಮಲ್ಸ್ ಹಂಪ್ ಎಂಬ ಬೆಟ್ಟವಿದೆ. 1960ರ ದಶಕದ ನಡುವಿನಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಅದರ ಇಳಿಜಾರಿನ ಮರಗಳನ್ನು ಜಾತಿವಾರು ಎಣಿಸಿ, ದಪ್ಪ ಅಳೆದು ಬರೆದಿಟ್ಟಿದ್ದರು. 1979ರಲ್ಲಿ ಮತ್ತೆ ಎಣಿಸಿದಾಗ ಕೆಂಪು ಸ್ಪ್ರೂಸ್ ಎಂಬ ಸೂಜಿ ಎಲೆಯ ಮರಗಳಲ್ಲಿ ಹೆಚ್ಚುಕಡಿಮೆ ಅರ್ಧ ಲೆಕ್ಕಕ್ಕೇ ಸಿಗಲಿಲ್ಲ. ಕೊಡಲಿ ಬಿದ್ದಿರಲಿಲ್ಲ, ಬೆಂಕಿಯೂ ಇರಲಿಲ್ಲ. ಮರಗಳು ನಿಂತಲ್ಲೇ ಒಣಗಿದ್ದವು. ಮುಂದಿನ ಕೆಲವು ವರ್ಷಗಳಲ್ಲಿ ಆಮ್ಲ ಮಳೆಯ ಸುದ್ದಿ ಬಂದಾಗಲೆಲ್ಲ ಈ ಬೆಟ್ಟದ ಬೋಳು ಮರಗಳ ಚಿತ್ರ ಜೊತೆಗೆ ಬರತೊಡಗಿತು.

ಅದೇ ಮರದ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಸುದ್ದಿ ತಂದಿತು. ಈಶಾನ್ಯ ಅಮೆರಿಕದ ಹಲವು ರಾಜ್ಯಗಳಲ್ಲಿ ನೂರಾರು ಕೆಂಪು ಸ್ಪ್ರೂಸ್ ಮರಗಳ ಉಂಗುರಗಳನ್ನು ಅಳೆದಾಗ, ಮುಕ್ಕಾಲು ಪಾಲಿಗಿಂತ ಹೆಚ್ಚು ಮರಗಳು 2001ರಿಂದೀಚೆಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ಬೆಳೆಯುತ್ತಿದ್ದವು. ಸಂಶೋಧಕರೇ ಇದನ್ನು 'ಅಚ್ಚರಿಯ ಚೇತರಿಕೆ' ಎಂದು ಕರೆದರು.

ಆಮ್ಲ ಮಳೆ ತಡೆಯಲು ಕಾನೂನು ಚಿಮಣಿಗಳ ಹೊಗೆಗೆ ಕಡಿವಾಣ ಹಾಕಿದ್ದಕ್ಕೂ ನೂರಾರು ಕಿಲೋಮೀಟರ್ ದೂರದ ಬೆಟ್ಟದ ಮರ ಚಿಗುರಿದ್ದಕ್ಕೂ ಇರುವ ನಂಟು ನೇರವಾದದ್ದಲ್ಲ. ಗಾಳಿ, ಮರ, ಮಣ್ಣು ಮೂರೂ ಬೇರೆಬೇರೆ ವೇಗದಲ್ಲಿ ಸುಧಾರಿಸುತ್ತವೆ. ಆ ವೇಗಗಳ ಅಂತರ ತಿಳಿಯದಿದ್ದರೆ 'ಎಲ್ಲ ಸರಿಹೋಯಿತು' ಎಂದೂ ಅನ್ನಿಸಬಹುದು, 'ಕಾನೂನಿನಿಂದ ಏನೂ ಆಗಲಿಲ್ಲ' ಎಂದೂ ಅನ್ನಿಸಬಹುದು.

ಸೂಚಿಪರ್ಣಿ ಮರಗಳು, ಅದೂ ಬೆಟ್ಟದ ಮೇಲಿನವು

ಅಗಲ ಎಲೆಯ ಬದಲು ಸೂಜಿಯಂಥ ಅಥವಾ ಹುರುಪೆಯಂಥ ಎಲೆಯಿದ್ದು, ಬೀಜವನ್ನು ಕಾಯಿಯೊಳಗಲ್ಲದೆ ಶಂಕುವಿನಲ್ಲಿ ಬಿಡುವ ಮರಗಳು ಸೂಚಿಪರ್ಣಿಗಳು. ಪೈನ್, ಸ್ಪ್ರೂಸ್, ಫರ್, ಜುನಿಪರ್ ಎಲ್ಲ ಈ ಗುಂಪಿನವೇ. ಇವುಗಳಲ್ಲಿ ಹೆಚ್ಚಿನವು ವರ್ಷವಿಡೀ ಹಸಿರಾಗಿರುತ್ತವೆ. ಮೇಪಲ್‌ನಂಥ ಮರ ಪ್ರತಿ ಶರತ್ಕಾಲದಲ್ಲಿ ಎಲೆ ಉದುರಿಸಿ, ಆ ವರ್ಷ ಎಲೆ ಉಂಡ ಹೊಗೆಯನ್ನೂ ಜೊತೆಗೇ ಕಳೆದುಕೊಳ್ಳುತ್ತದೆ. ಸ್ಪ್ರೂಸ್‌ಗೆ ಆ ಅನುಕೂಲವಿಲ್ಲ. ಅದರ ಸೂಜಿ ಹಲವು ವರ್ಷ ಕೊಂಬೆಯ ಮೇಲೇ ಇದ್ದು, ಚಳಿಗಾಲದ ಹೊಗೆಯನ್ನೂ ಬೇಸಿಗೆಯ ಹೊಗೆಯನ್ನೂ ಉಣ್ಣುತ್ತದೆ.

ಎತ್ತರಕ್ಕೆ ಹೋದಷ್ಟೂ ತೊಂದರೆ ಹೆಚ್ಚು. ಪೂರ್ವ ಅಮೆರಿಕದ ಅಪಲಾಚಿಯನ್ ಬೆಟ್ಟಸಾಲಿನ ಎತ್ತರದ ತುದಿಗಳು ವರ್ಷದಲ್ಲಿ ಎಷ್ಟೋ ಹೊತ್ತು ಮೋಡದೊಳಗೇ ಇರುತ್ತವೆ. ಮೋಡದ ಹನಿ ಮಳೆಹನಿಗಿಂತ ತೀರ ಚಿಕ್ಕದು, ಅದರಲ್ಲಿ ನೀರು ಕಡಿಮೆ, ಹಾಗಾಗಿ ಕರಗಿದ ಆಮ್ಲ ಗಾಢ. ಗಾಳಿ ಬೀಸಿದಂತೆ ಈ ಹನಿಗಳು ಸೂಜಿಗಳಿಗೆ ತಾಗಿ ಅಲ್ಲೇ ಅಂಟಿಕೊಳ್ಳುತ್ತವೆ. ಮಳೆ ಬಿದ್ದು ಹರಿದುಹೋಗುತ್ತದೆ, ಮೋಡ ಗಂಟೆಗಟ್ಟಲೆ ನೆನೆಸಿಡುತ್ತದೆ. ನ್ಯೂಯಾರ್ಕ್ ರಾಜ್ಯದ ವೈಟ್‌ಫೇಸ್ ಬೆಟ್ಟದ ತುದಿಯಲ್ಲಿ ಮೋಡದ ನೀರನ್ನೇ ಹಿಡಿದು ಪರೀಕ್ಷಿಸುವ ಕೇಂದ್ರವಿರುವುದು ಇದಕ್ಕಾಗಿಯೇ. ಇದು ಸಾಲದೆಂಬಂತೆ ತೆಳುವಾದ ಮಣ್ಣು, ಕೆಳಗೆ ಆಮ್ಲವನ್ನು ತಣಿಸುವ ಸುಣ್ಣಕಲ್ಲಿಲ್ಲದ ಗ್ರಾನೈಟ್‌ನಂಥ ಬಂಡೆ.

ಹೊಗೆ ಆಮ್ಲವಾಗುವ ದಾರಿ

ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಉರಿದಾಗ ಅದು ಸಲ್ಫರ್ ಡೈಆಕ್ಸೈಡ್ ಅನಿಲವಾಗಿ ಚಿಮಣಿಯಿಂದ ಹೊರಬೀಳುತ್ತದೆ. ಕುಲುಮೆ ಮತ್ತು ಎಂಜಿನ್ನಿನ ಬಿಸಿಯಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡ್‌ಗಳಾಗುತ್ತವೆ. ಇವೆರಡೂ ವಾತಾವರಣದಲ್ಲಿ ತೇಲುತ್ತ ತೇವದೊಡನೆ ಸೇರಿ ಸಲ್ಫ್ಯೂರಿಕ್ ಆಮ್ಲ, ನೈಟ್ರಿಕ್ ಆಮ್ಲಗಳಾಗಿ ಕೆಳಗಿಳಿಯುತ್ತವೆ. ಇದಕ್ಕೆ ಕೆಲವು ದಿನ ಹಿಡಿಯಬಹುದು, ಅಷ್ಟರಲ್ಲಿ ಗಾಳಿ ನೂರಾರು ಕಿಲೋಮೀಟರ್ ಸಾಗಿರುತ್ತದೆ. ಓಹಾಯೊ ಕಣಿವೆಯ ವಿದ್ಯುತ್ ಸ್ಥಾವರಗಳ ಹೊಗೆ ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಬೆಟ್ಟಗಳಲ್ಲಿ ಇಳಿದದ್ದು ಹೀಗೆ.

ಆಮ್ಲೀಯತೆಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು. ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿತೆಂದು ಅರ್ಥ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆಯೂ ಸ್ವಲ್ಪ ಹುಳಿಯೇ, ಅದರ ಪಿಎಚ್ ಸುಮಾರು 5.6. ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಸಂಶೋಧನಾ ಕಾಡಿನಲ್ಲಿ ಜೀನ್ ಲೈಕೆನ್ಸ್ ಮತ್ತು ಅವರ ಸಂಗಡಿಗರು 1963ರಿಂದ ಮಳೆನೀರು ಹಿಡಿದು ಅಳೆಯತೊಡಗಿದಾಗ ಅದು 4ರ ಆಸುಪಾಸಿನಲ್ಲಿತ್ತು. ಅಂದರೆ ಇರಬೇಕಾದದ್ದಕ್ಕಿಂತ ಹತ್ತಾರು ಪಟ್ಟು ಹುಳಿ. ಬೆಟ್ಟದ ತುದಿಯ ಮೋಡಗಳು ಅದಕ್ಕೂ ಹೆಚ್ಚು ಹುಳಿಯಾಗಿದ್ದವು.

'ಆಮ್ಲ ಮಳೆ' ಎಂಬ ಮಾತು ಇದಕ್ಕಿಂತ ಹಳೆಯದು. ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1872ರಲ್ಲೇ ಅದನ್ನು ಬಳಸಿದ್ದರು. ಆಗ ಅದು ಕಾರ್ಖಾನೆ ಊರುಗಳ ತಲೆನೋವು. ದೂರದ ಬೆಟ್ಟಗಳಿಗೆ ತಲುಪಿದ್ದು ಆಮೇಲೆ.

ಮರ ಸತ್ತದ್ದು ಆಮ್ಲದಿಂದಲ್ಲ, ಚಳಿಯಿಂದ

ಆಮ್ಲ ಮಳೆ ಎಂದೊಡನೆ ಎಲೆ ಸುಟ್ಟು ಕರಕಲಾಗುವ ಚಿತ್ರ ಕಣ್ಣಿಗೆ ಬರುತ್ತದೆ. ನಡೆದದ್ದು ಅದಲ್ಲ. ಕೆಂಪು ಸ್ಪ್ರೂಸ್ ಸತ್ತ ಬಗೆ ಇಡೀ ವಿಷಯದಲ್ಲೇ ಕುತೂಹಲದ ಭಾಗ. ವಿಜ್ಞಾನಿಗಳಿಗೆ ಅದನ್ನು ಬಿಡಿಸಲು ಎರಡು ದಶಕ ಹಿಡಿಯಿತು.

ಸುಳಿವು ಸಿಕ್ಕಿದ್ದು ಮಾಗಿಯ ಕೊನೆಯಲ್ಲಿ. ಕೆಲವು ವರ್ಷ ಹಿಮ ಕರಗುವ ಹೊತ್ತಿಗೆ ಮರಗಳ ಹೊರಸುತ್ತಿನ ಸೂಜಿಗಳು ತುಕ್ಕಿನ ಬಣ್ಣಕ್ಕೆ ತಿರುಗಿ ಉದುರಿಹೋಗುತ್ತಿದ್ದವು. ಹಿಂದಿನ ಬೇಸಿಗೆಯಲ್ಲಿ ಮೂಡಿದ ಎಳೆಯ ಸೂಜಿಗಳಿಗೆ ಮಾತ್ರ ಹೀಗಾಗುತ್ತಿತ್ತು, ಹಳೆಯವು ಹಸಿರಾಗಿಯೇ ಉಳಿಯುತ್ತಿದ್ದವು. ಪಕ್ಕದಲ್ಲೇ ಬೆಳೆದ ಬಾಲ್ಸಮ್ ಫರ್ ಮರಕ್ಕೆ ಏನೂ ಆಗುತ್ತಿರಲಿಲ್ಲ. ಅಂದರೆ ಇದು ಹೆಪ್ಪುಗಟ್ಟುವ ಚಳಿಯ ಗಾಯ. ಆದರೆ ಸಾವಿರಾರು ವರ್ಷಗಳಿಂದ ಅಲ್ಲೇ ಬಾಳಿದ ಮರಕ್ಕೆ ಅಲ್ಲಿನ ಚಳಿಯೇ ಏಕೆ ಹಗೆಯಾಯಿತು?

ಉತ್ತರ ಕ್ಯಾಲ್ಸಿಯಂನಲ್ಲಿತ್ತು. ಎಲೆಯ ಪ್ರತಿ ಜೀವಕೋಶವನ್ನೂ ಒಂದು ತೆಳು ಪೊರೆ ಸುತ್ತುವರಿದಿರುತ್ತದೆ. ಪೊರೆಗೆ ಅಂಟಿಕೊಂಡ ಒಂದಿಷ್ಟು ಕ್ಯಾಲ್ಸಿಯಂ ಅದನ್ನು ಗಟ್ಟಿಯಾಗಿಡುತ್ತದೆ. ಅಷ್ಟೇ ಅಲ್ಲ, 'ಚಳಿ ಬರುತ್ತಿದೆ, ಸಿದ್ಧವಾಗು' ಎಂಬ ಸಂದೇಶ ಕೋಶದೊಳಗೆ ತಲುಪುವುದೂ ಈ ಕ್ಯಾಲ್ಸಿಯಂ ಮೂಲಕವೇ. ಆಮ್ಲದ ಮೋಡ ಎಳೆಯ ಸೂಜಿಯನ್ನು ನೆನೆಸಿದಾಗ ಆಮ್ಲದ ಹೈಡ್ರೋಜನ್ ಅಯಾನುಗಳು ಒಳಹೊಕ್ಕು, ಪೊರೆಯ ಕ್ಯಾಲ್ಸಿಯಂ ಅನ್ನು ಎಬ್ಬಿಸಿ ತಾವು ಕೂರುತ್ತವೆ. ಕ್ಯಾಲ್ಸಿಯಂ ಎಲೆಯಿಂದ ತೊಳೆದುಹೋಗುತ್ತದೆ. ವರ್ಮಾಂಟ್‌ನಲ್ಲಿ ಡೊನಾಲ್ಡ್ ಡಿಹೇಯ್ಸ್, ಪಾಲ್ ಶಾಬರ್ಗ್ ಮುಂತಾದವರು 1990ರ ದಶಕದಲ್ಲಿ ಪ್ರಯೋಗಗಳ ಮೂಲಕ ಇದನ್ನು ತೋರಿಸಿದರು. ಆಮ್ಲದ ಮಂಜಿಗೆ ಒಡ್ಡಿದ ಸೂಜಿಗಳ ಚಳಿ ತಾಳುವ ಮಿತಿ 4ರಿಂದ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಕುಗ್ಗುತ್ತಿತ್ತು.

ಕೆಂಪು ಸ್ಪ್ರೂಸ್‌ಗೆ ಈ ಕೆಲವೇ ಡಿಗ್ರಿ ಜೀವನ್ಮರಣದ ಪ್ರಶ್ನೆ. ಬಾಲ್ಸಮ್ ಫರ್‌ಗೆ ಆ ಬೆಟ್ಟದ ಅತಿ ಕೆಟ್ಟ ಚಳಿಗಿಂತಲೂ ಎಷ್ಟೋ ಹೆಚ್ಚು ತಾಳುವ ಶಕ್ತಿ ಇದೆ, ಹತ್ತು ಡಿಗ್ರಿ ಹೋದರೂ ಚಿಂತೆಯಿಲ್ಲ. ಸ್ಪ್ರೂಸ್ ಮೊದಲಿನಿಂದಲೂ ಅಂಚಿನಲ್ಲೇ ಬದುಕಿದ ಮರ. ಅಂಚು ಸ್ವಲ್ಪ ಸರಿದರೂ ಎಳೆಯ ಸೂಜಿ ಹೋಯಿತು. ಆಹಾರ ತಯಾರಿಸುವುದರಲ್ಲಿ ಎಳೆಯ ಸೂಜಿಗಳೇ ಮುಂದು. ಒಂದು ವರ್ಷ ಹೋದರೆ ಮರ ಸುಧಾರಿಸಿಕೊಳ್ಳುತ್ತದೆ, ಮೇಲಿಂದ ಮೇಲೆ ಹೋದರೆ ಕ್ಷೀಣಿಸಿ ಸಾಯುತ್ತದೆ. 2003ರ ಚಳಿಗಾಲದಲ್ಲೂ, ಗಾಳಿ ಎಷ್ಟೋ ತಿಳಿಯಾಗಿದ್ದ ಹೊತ್ತಿನಲ್ಲಿ, ಈಶಾನ್ಯ ಅಮೆರಿಕದಾದ್ಯಂತ ಈ ಗಾಯ ಭಾರಿ ಪ್ರಮಾಣದಲ್ಲಿ ಕಾಣಿಸಿತು.

ಮಣ್ಣೆಂಬ ಕಣಜ

2003ರಲ್ಲೂ ಹಾಗೇಕಾಯಿತು ಎಂಬುದಕ್ಕೆ ಉತ್ತರ ಮಣ್ಣಿನಲ್ಲಿದೆ. ಮಣ್ಣಿನ ಕಣಗಳ ಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕಣಜದಲ್ಲಿ ತುಂಬಿಟ್ಟ ಧಾನ್ಯದ ಹಾಗೆ ಶೇಖರವಾಗಿರುತ್ತವೆ. ಬಂಡೆ ಸವೆದು ವರ್ಷಕ್ಕೆ ಒಂದು ಹಿಡಿ ಒಳಬರುತ್ತದೆ, ಬೇರುಗಳು ಒಂದು ಹಿಡಿ ತೆಗೆಯುತ್ತವೆ, ಎಲೆ ಉದುರಿ ಕೊಳೆತು ಅದರಲ್ಲಿ ಬಹುಪಾಲು ವಾಪಸಾಗುತ್ತದೆ. ಆಮ್ಲ ಮಳೆ ಬಂದದ್ದು ಕಣಜದ ತಳಕ್ಕೆ ತೂತು ಕೊರೆದಂತೆ. ದಶಕಗಳ ಕಾಲ ಕ್ಯಾಲ್ಸಿಯಂ ಸೋರಿ ಹಳ್ಳ ಸೇರಿತು. ಸೋರಿಕೆ ನಿಂತ ಮಾತ್ರಕ್ಕೆ ಕಣಜ ತುಂಬುವುದಿಲ್ಲ, ಅದಕ್ಕೆ ಬಂಡೆ ಸವೆಯುವವರೆಗೆ ಕಾಯಬೇಕು.

ಕ್ಯಾಲ್ಸಿಯಂ ಖಾಲಿಯಾದ ಮಣ್ಣಿನಲ್ಲಿ ಇನ್ನೊಂದು ಕಾಟ ಶುರುವಾಗುತ್ತದೆ. ಮಣ್ಣಿನ ಖನಿಜಗಳಲ್ಲಿ ಅಲ್ಯೂಮಿನಿಯಂ ಬೇಕಾದಷ್ಟಿದೆ, ಸಾಮಾನ್ಯವಾಗಿ ಅದು ಯಾರಿಗೂ ತೊಂದರೆ ಕೊಡದೆ ಬಂಧಿಯಾಗಿರುತ್ತದೆ. ಆಮ್ಲ ಹೆಚ್ಚಾದಾಗ ಕರಗಿ ನೀರಿಗಿಳಿಯುತ್ತದೆ. ಕರಗಿದ ಅಲ್ಯೂಮಿನಿಯಂ ಎಳೆಯ ಬೇರುಗಳಿಗೆ ವಿಷ, ಜೊತೆಗೆ ಉಳಿದ ಚೂರುಪಾರು ಕ್ಯಾಲ್ಸಿಯಂ ಬೇರಿಗೆ ಸಿಗದಂತೆಯೂ ಮಾಡುತ್ತದೆ.

ಈ ವಿವರಣೆಯನ್ನು ಪರೀಕ್ಷಿಸಲು ಹಬ್ಬರ್ಡ್ ಬ್ರೂಕ್‌ನಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. 1999ರ ಅಕ್ಟೋಬರಿನಲ್ಲಿ ಸುಮಾರು 12 ಹೆಕ್ಟೇರಿನ ಒಂದು ಪುಟ್ಟ ಜಲಾನಯನಕ್ಕೆ ಹೆಲಿಕಾಪ್ಟರಿನಿಂದ ವೊಲಾಸ್ಟನೈಟ್ ಎಂಬ ಕ್ಯಾಲ್ಸಿಯಂ ಖನಿಜದ ಗುಳಿಗೆಗಳನ್ನು ಚೆಲ್ಲಿದರು. ಆಮ್ಲ ಮಳೆ ಕಸಿದುಕೊಂಡಷ್ಟು ಕ್ಯಾಲ್ಸಿಯಂ ಮರಳಿಸುವುದು ಉದ್ದೇಶ. 2003ರ ಆ ಕೆಟ್ಟ ಚಳಿಗಾಲ ಬಂದಾಗ, ಕ್ಯಾಲ್ಸಿಯಂ ಉಂಡ ಸ್ಪ್ರೂಸ್‌ಗಳ ಸೂಜಿ ಪಕ್ಕದ ಜಲಾನಯನದ ಮರಗಳಿಗಿಂತ ಎಷ್ಟೋ ಕಡಿಮೆ ಗಾಯಗೊಂಡಿತ್ತು. ಗಾಳಿ ಒಂದೇ, ಚಳಿ ಒಂದೇ. ವ್ಯತ್ಯಾಸ ಮಣ್ಣಿನದು.

ಕಡಿವಾಣ ಹಾಕಿದ್ದು ಹೇಗೆ

ಅಮೆರಿಕದ ಶುದ್ಧ ಗಾಳಿ ಕಾಯ್ದೆ 1970ರದು. ಅದರ ಮೊದಲ ಫಲ ಬೆಟ್ಟದ ಕಾಡಿಗೆ ಒಳ್ಳೆಯದಾಗಿರಲಿಲ್ಲ ಎಂದರೆ ವಿಚಿತ್ರ ಎನಿಸೀತು. ಕಾಯ್ದೆ ಅಳೆಯುತ್ತಿದ್ದದ್ದು ಸ್ಥಾವರದ ಸುತ್ತಮುತ್ತಲ ನೆಲಮಟ್ಟದ ಗಾಳಿಯನ್ನು. ಅದನ್ನು ತಿಳಿಯಾಗಿಸಲು ಅಗ್ಗದ ಉಪಾಯ ಚಿಮಣಿಯನ್ನು ಎತ್ತರಿಸುವುದು. ಸ್ಥಾವರಗಳು ಅದನ್ನೇ ಮಾಡಿದವು. ಊರಿನ ಗಾಳಿ ಸುಧಾರಿಸಿತು, ಹೊಗೆ ಇನ್ನಷ್ಟು ಮೇಲೇರಿ ಇನ್ನಷ್ಟು ದೂರ ಹೋಯಿತು. ಗಡಿಯಾಚೆ ಕೆನಡಾದ ಸಡ್ಬರಿಯಲ್ಲೂ ಅದೇ ದಾರಿ, ಅಲ್ಲಿನ ನಿಕ್ಕಲ್ ಕುಲುಮೆಗೆ 1972ರಲ್ಲಿ 381 ಮೀಟರ್ ಎತ್ತರದ ಚಿಮಣಿ ಎದ್ದಿತು.

ಇನ್ನೊಂದು ಸೂಕ್ಷ್ಮವೂ ಇದೆ. ಹಾರುಬೂದಿಯನ್ನು ಹಿಡಿಯುವ ಯಂತ್ರಗಳು ಮೊದಲು ಬಂದವು, ಗಂಧಕವನ್ನು ಹಿಡಿಯುವವು ತಡವಾಗಿ. ಜನರ ಶ್ವಾಸಕೋಶಕ್ಕೆ ಇದು ಒಳ್ಳೆಯದೇ. ಆದರೆ ಆ ಧೂಳಿನಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಇತ್ತು, ಆಮ್ಲವನ್ನು ಅಷ್ಟಿಷ್ಟು ತಣಿಸುತ್ತಿತ್ತು. ಧೂಳು ಕಡಿಮೆಯಾದದ್ದರಿಂದ ಆಮ್ಲ ಇಳಿಕೆಯ ಲಾಭದಲ್ಲಿ ಒಂದು ಪಾಲು ಕಾಡಿಗೆ ಸಿಗದೆಹೋಯಿತು.

ನಿಜವಾದ ತಿರುವು 1990ರ ತಿದ್ದುಪಡಿ. ವಿದ್ಯುತ್ ಸ್ಥಾವರಗಳೆಲ್ಲ ಸೇರಿ ವರ್ಷಕ್ಕೆ ಒಟ್ಟು ಎಷ್ಟು ಗಂಧಕ ಹೊರಬಿಡಬಹುದು ಎಂಬುದಕ್ಕೆ ಮಿತಿ ಹಾಕಿ, ಆ ಮಿತಿಯೊಳಗೆ ಪರವಾನಗಿಗಳನ್ನು ಹಂಚಿದರು. ಕಡಿಮೆ ಹೊಗೆ ಬಿಟ್ಟವರು ಮಿಕ್ಕ ಪರವಾನಗಿಯನ್ನು ಬೇರೆಯವರಿಗೆ ಮಾರಬಹುದಿತ್ತು. 1995ರಲ್ಲಿ ಮೊದಲ ಹಂತ, 2000ದಲ್ಲಿ ಎರಡನೆಯದು. ಕೆಲವು ಸ್ಥಾವರಗಳು ಗಂಧಕ ಕಡಿಮೆಯಿರುವ ಕಲ್ಲಿದ್ದಲಿಗೆ ಬದಲಾದವು. ಕೆಲವು ಸ್ಕ್ರಬರ್ ಕೂರಿಸಿದವು. ಸ್ಕ್ರಬರ್ ಎಂದರೆ ಚಿಮಣಿಗೆ ಹೋಗುವ ಹೊಗೆಯ ಮೇಲೆ ಸುಣ್ಣಕಲ್ಲಿನ ನೀರು ಸಿಂಪಡಿಸಿ ಗಂಧಕವನ್ನು ಜಿಪ್ಸಂ ಆಗಿ ಹಿಡಿದಿಡುವ ವ್ಯವಸ್ಥೆ. ಆ ಜಿಪ್ಸಂ ಗೋಡೆಯ ಹಲಗೆಗಳಾಗಿ ಮಾರಾಟವೂ ಆಗುತ್ತದೆ. ಮುಂದೆ ಕಲ್ಲಿದ್ದಲಿನ ಜಾಗಕ್ಕೆ ನೈಸರ್ಗಿಕ ಅನಿಲ ಬಂದದ್ದೂ ನೆರವಾಯಿತು. 1970ರಲ್ಲಿ ಇಡೀ ದೇಶ ವರ್ಷಕ್ಕೆ ಸುಮಾರು 3.1 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಬಿಡುತ್ತಿತ್ತು, 2020ರ ಹೊತ್ತಿಗೆ ಅದು 20 ಲಕ್ಷ ಟನ್ನಿಗಿಂತ ಕೆಳಗಿಳಿಯಿತು.

ಮರದ ಉಂಗುರ ಹೇಳುವ ಸಾಕ್ಷಿ

ಮರ ಚೇತರಿಸಿತು ಸರಿ, ಆದರೆ ಗಾಳಿ ತಿಳಿಯಾದದ್ದರಿಂದಲೇ ಎಂದು ಹೇಗೆ ಹೇಳುವುದು? ಅದೇ ವರ್ಷಗಳಲ್ಲಿ ಭೂಮಿ ಬಿಸಿಯಾಗಿದೆ, ಇಂಗಾಲದ ಡೈಆಕ್ಸೈಡ್ ಏರಿದೆ. ಎರಡೂ ಮರದ ಬೆಳವಣಿಗೆಯನ್ನು ಹೆಚ್ಚಿಸಬಲ್ಲವು.

ಕಾಂಡಕ್ಕೆ ಪೆನ್ಸಿಲಿಗಿಂತ ತೆಳುವಾದ ಕೊಳವೆ ಕೊರೆದು ಕಟ್ಟಿಗೆಯ ಎಳೆ ತೆಗೆದರೆ, ವರ್ಷಕ್ಕೊಂದರಂತೆ ಉಂಗುರಗಳು ಕಾಣುತ್ತವೆ. ಮರಕ್ಕೆ ಇದರಿಂದ ಹಾನಿಯಿಲ್ಲದಷ್ಟು ಸಣ್ಣ ತೂತು. ಅಗಲ ಉಂಗುರ ಚೆನ್ನಾಗಿ ಬೆಳೆದ ವರ್ಷದ್ದು, ಕಿರಿದಾದದ್ದು ಕಷ್ಟದ್ದು. ಆದರೆ ಅಗಲ ಕಾರಣವನ್ನು ಹೇಳುವುದಿಲ್ಲ. ಕಾರಣಕ್ಕಾಗಿ ಉಂಗುರದ ಇಂಗಾಲವನ್ನೇ ಪರೀಕ್ಷಿಸಬೇಕು. ಗಾಳಿಯಲ್ಲಿ ಹಗುರ ಇಂಗಾಲ ಮತ್ತು ತುಸು ಭಾರದ ಇಂಗಾಲ ಎರಡೂ ಇವೆ. ಎಲೆಯ ಮೇಲಿನ ಪತ್ರರಂಧ್ರಗಳು ಅಗಲವಾಗಿ ತೆರೆದಿದ್ದಾಗ ಮರ ಹಗುರವಾದದ್ದನ್ನು ಆರಿಸಿಕೊಳ್ಳುತ್ತದೆ, ಕಿರಿದಾದಾಗ ಸಿಕ್ಕಿದ್ದನ್ನು ಬಳಸುತ್ತದೆ. ಈ ಆಯ್ಕೆ ಕಟ್ಟಿಗೆಯಲ್ಲಿ ದಾಖಲಾಗಿ ಉಳಿಯುತ್ತದೆ. ನೂರು ವರ್ಷದ ಹಿಂದೆ ಮರ ಎಷ್ಟು ಸರಾಗವಾಗಿ ಉಸಿರಾಡಿತ್ತು ಎಂಬುದನ್ನು ಇವತ್ತು ಓದಬಹುದು.

ವೆಸ್ಟ್ ವರ್ಜೀನಿಯಾದಲ್ಲಿ 100ರಿಂದ 500 ವರ್ಷ ವಯಸ್ಸಿನ ಪೂರ್ವದ ಕೆಂಪು ಸೀಡರ್ ಎಂಬ ಜುನಿಪರ್ ಜಾತಿಯ ಮರಗಳನ್ನು ಹೀಗೆ ಓದಿದ ಅಧ್ಯಯನ 2013ರಲ್ಲಿ ಹೊರಬಂತು. ಇಂಗಾಲದ ಡೈಆಕ್ಸೈಡ್ ಏರಿದಾಗ ಮರಗಳು ಸಾಮಾನ್ಯವಾಗಿ ರಂಧ್ರಗಳನ್ನು ಕಿರಿದು ಮಾಡಿಕೊಳ್ಳುತ್ತವೆ, ಏಕೆಂದರೆ ಕಡಿಮೆ ತೆರೆದರೂ ಬೇಕಾದಷ್ಟು ಸಿಗುತ್ತದೆ. ಇಲ್ಲಿ 1980ರ ದಶಕದಿಂದೀಚೆಗೆ ರಂಧ್ರಗಳು ಇನ್ನೂ ಹೆಚ್ಚು ತೆರೆದುಕೊಂಡಿದ್ದವು, ಬೆಳವಣಿಗೆಯೂ ಏರಿತ್ತು. ಹಾಗಾಗಬೇಕಾದರೆ ರಂಧ್ರ ಮುಚ್ಚುವಂತೆ ಮಾಡುತ್ತಿದ್ದ ಏನೋ ಒಂದು ದೂರವಾಗಿರಬೇಕು. ಕಾಲಕ್ಕೆ ಸರಿಯಾಗಿ ಹೊಂದಿದ್ದು ಗಂಧಕದ ಇಳಿಕೆ. ಅದೇ ರಾಜ್ಯದ ಕೆಂಪು ಸ್ಪ್ರೂಸ್‌ಗಳ ಮೇಲೆ 2018ರಲ್ಲಿ ಬಂದ ಇನ್ನೊಂದು ಅಧ್ಯಯನ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆಮ್ಲ ಕಡಿಮೆಯಾದದ್ದು, ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದು, ವಸಂತ ಬೆಚ್ಚಗಾದದ್ದು ಎಲ್ಲಕ್ಕೂ ಚೇತರಿಕೆಯಲ್ಲಿ ಪಾಲಿತ್ತು. ಈಶಾನ್ಯದ ಅಧ್ಯಯನವೂ ಬೆಚ್ಚಗಿನ ತಿಂಗಳುಗಳ ಪಾಲನ್ನು ಒಪ್ಪಿಕೊಂಡಿದೆ. ಶುದ್ಧ ಗಾಳಿ ಮರದ ಕೈಕಾಲಿನ ಕಟ್ಟು ಬಿಚ್ಚಿತು, ಆಮೇಲೆ ಉಳಿದವುಗಳ ಲಾಭ ಪಡೆಯಲು ಅದಕ್ಕೆ ಸಾಧ್ಯವಾಯಿತು ಎಂದು ಓದಿಕೊಳ್ಳುವುದು ಸರಿಯೆಂದು ತೋರುತ್ತದೆ.

ಯುರೋಪಿನ ಕಪ್ಪು ತ್ರಿಕೋನ

ಚೆಕೊಸ್ಲೊವಾಕಿಯಾ, ಪೂರ್ವ ಜರ್ಮನಿ, ಪೋಲೆಂಡ್ ಮೂರೂ ಕೂಡುವ ಬೆಟ್ಟಗಾಡಿಗೆ ಒಂದು ಕಾಲದಲ್ಲಿ ಕಪ್ಪು ತ್ರಿಕೋನ ಎಂಬ ಹೆಸರಿತ್ತು. ಅಲ್ಲಿನ ಸ್ಥಾವರಗಳು ಗಂಧಕ ತುಂಬಿದ ಕಂದು ಕಲ್ಲಿದ್ದಲನ್ನು ಗಂಧಕ ಸೋಸದೆಯೇ ಸುಡುತ್ತಿದ್ದವು. ಅಪಲಾಚಿಯನ್‌ನಲ್ಲಿ ಹಾನಿ ಸುತ್ತುಬಳಸಿ ಬಂದರೆ ಇಲ್ಲಿ ನೇರವಾಗಿ ಬಂತು. ಚಿಮಣಿಗಳು ಬೆಟ್ಟದ ಬುಡದಲ್ಲೇ ಇದ್ದವು, ಅನಿಲವೇ ಪತ್ರರಂಧ್ರ ಹೊಕ್ಕು ಸೂಜಿಗಳನ್ನು ಕೊಂದಿತು. ಚೆಕ್–ಜರ್ಮನ್ ಗಡಿಯ ಓರ್ ಬೆಟ್ಟಗಳ ನೆತ್ತಿಯಲ್ಲಿ ನಾರ್ವೆ ಸ್ಪ್ರೂಸ್ ಕಾಡುಗಳು ಸಾವಿರಾರು ಹೆಕ್ಟೇರಿನಲ್ಲಿ ಅಳಿದವು. ಹೊಗೆ ತಾಳಬಲ್ಲದೆಂದು ಉತ್ತರ ಅಮೆರಿಕದ ನೀಲಿ ಸ್ಪ್ರೂಸ್ ತಂದು ನೆಟ್ಟರು.

1989ರ ರಾಜಕೀಯ ಬದಲಾವಣೆಯ ನಂತರ ಹಳೆಯ ಕಾರ್ಖಾನೆಗಳು ಮುಚ್ಚಿದವು. ಚೆಕ್ ನಾಡಿನ 1991ರ ಕಾನೂನು ಸ್ಥಾವರಗಳಿಗೆ 1998ರ ಕೊನೆಯವರೆಗೆ ಗಡುವು ಕೊಟ್ಟಿತು, ಹೆಚ್ಚಿನವು ಅಷ್ಟರಲ್ಲಿ ಸ್ಕ್ರಬರ್ ಹಾಕಿಕೊಂಡವು. ಆ ಪ್ರದೇಶದ ಸ್ಪ್ರೂಸ್ ಉಂಗುರಗಳಲ್ಲಿ ಇದೆಲ್ಲ ಎದ್ದು ಕಾಣುತ್ತದೆ. 1970, 80ರ ದಶಕಗಳ ಉಂಗುರಗಳು ಕೂದಲೆಳೆಯಷ್ಟು, ಕೆಲವು ಮರಗಳಲ್ಲಿ ಕೆಲವು ವರ್ಷದ ಉಂಗುರವೇ ಇಲ್ಲ. 90ರ ದಶಕದಲ್ಲಿ ಅವು ಮತ್ತೆ ಅಗಲವಾಗುತ್ತವೆ. ದಾರಿ ಸಲೀಸಾಗಿರಲಿಲ್ಲ, 1995–96ರ ಚಳಿಗಾಲದಲ್ಲಿ ಹೊಗೆ ಕಣಿವೆ ಬಿಟ್ಟು ಕದಲದೆ ಮರಗಳು ಮತ್ತೊಮ್ಮೆ ಭಾರಿ ಪೆಟ್ಟು ತಿಂದವು. ತಂದು ನೆಟ್ಟ ನೀಲಿ ಸ್ಪ್ರೂಸ್‌ಗಳಿಗೆ ಮುಂದೆ ಮೊಗ್ಗು ಕೊಲ್ಲುವ ಶಿಲೀಂಧ್ರ ತಗುಲಿತು.

ಪಶ್ಚಿಮ ಜರ್ಮನಿಯಲ್ಲಿ 1980ರ ದಶಕದ ಆರಂಭದಲ್ಲಿ ಕಾಡೇ ಸತ್ತುಹೋಗುತ್ತದೆಂಬ ಭಯ ಹಬ್ಬಿತ್ತು. ಅಷ್ಟು ದೊಡ್ಡ ಸಾವು ಆಗಲಿಲ್ಲ. ಭವಿಷ್ಯವಾಣಿ ಅತಿಯಾಗಿತ್ತೋ, 1983ರ ಹೊಗೆ ನಿಯಮಗಳು ಸಕಾಲಕ್ಕೆ ಬಂದವೋ ಎಂಬ ವಾದ ಈಗಲೂ ನಡೆದಿದೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ.

ಎಲ್ಲ ಹೊಗೆಯೂ ಗಂಧಕವಲ್ಲ

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳಲ್ಲಿ 1950ರ ದಶಕದಲ್ಲಿ ಪಾಂಡೆರೋಸಾ ಮತ್ತು ಜೆಫ್ರಿ ಪೈನ್‌ಗಳ ಸೂಜಿ ಹಳದಿ ಚುಕ್ಕೆಯಾಗಿ ಬೇಗ ಉದುರತೊಡಗಿತು. ಕಾರಣ ಲಾಸ್ ಏಂಜಲೀಸ್ ಬಯಲಿನ ವಾಹನಗಳ ಹೊಗೆ ಬಿಸಿಲಲ್ಲಿ ಓಝೋನ್ ಎಂಬ ವಿಷಾನಿಲವಾಗಿ ಬೆಟ್ಟ ಹತ್ತುತ್ತಿದ್ದದ್ದು. ಓಝೋನ್ ಮಣ್ಣಿನಲ್ಲಿ ಶೇಖರವಾಗುವುದಿಲ್ಲ, ಹಾಗಾಗಿ ಅದು ಇಳಿದಾಗ ಹೊಸ ಸೂಜಿಗಳಿಗೆ ಬೇಗ ನಿರಾಳ. ಆದರೆ ವಾಹನಗಳ ಸಾರಜನಕ ಮಣ್ಣಿಗಿಳಿದು ಉಳಿಯುತ್ತದೆ. ಓಝೋನ್‌ನಿಂದ ಸೊರಗಿದ ಪೈನ್‌ಗಳನ್ನು ತೊಗಟೆ ದುಂಬಿಗಳು ಸುಲಭವಾಗಿ ಹಿಡಿಯುತ್ತವೆ ಎಂಬುದೂ ಅಲ್ಲಿ ಕಂಡುಬಂತು.

ಇನ್ನು ಬೆಟ್ಟದಲ್ಲಿ ಸತ್ತ ಮರಗಳಿಗೆಲ್ಲ ಹೊಗೆಯೇ ಹೊಣೆಯಲ್ಲ. ಉತ್ತರ ಕೆರೊಲಿನಾದ ಮೌಂಟ್ ಮಿಚೆಲ್ ಶಿಖರದ ಒಣ ಫ್ರೇಸರ್ ಫರ್‌ಗಳನ್ನು ಆಮ್ಲ ಮಳೆಯ ಗುರುತೆಂದು ತೋರಿಸುವುದುಂಟು. ಅವುಗಳನ್ನು ಮುಖ್ಯವಾಗಿ ಕೊಂದದ್ದು ಯುರೋಪಿನಿಂದ ಬಂದ, ಹತ್ತಿಯಂಥ ಎಳೆ ಹೊದ್ದ ಒಂದು ಪುಟ್ಟ ಕೀಟ. 2018ರ ನಂತರ ಮಧ್ಯ ಯುರೋಪಿನಲ್ಲಿ ನಾರ್ವೆ ಸ್ಪ್ರೂಸ್ ಕಾಡುಗಳು ಕಂದಾದದ್ದು ಬರ ಮತ್ತು ತೊಗಟೆ ದುಂಬಿಯಿಂದ. ಅಲ್ಲಿ ಸ್ಕ್ರಬರ್ ಏನೂ ಮಾಡಲಾರದು.

ಈಗ ಎಲ್ಲಿದ್ದೇವೆ

ಹಬ್ಬರ್ಡ್ ಬ್ರೂಕ್‌ನ ಮಳೆ ಈಗ ಪಿಎಚ್ 5ರ ಹತ್ತಿರ ಬಂದಿದೆ. ಗಾಳಿಯ ಮಟ್ಟಿಗೆ ಕೆಲಸ ಬಹುಪಾಲು ಮುಗಿದಿದೆ. ಎಲೆಯಿಂದ ನೇರವಾಗಿ ಕ್ಯಾಲ್ಸಿಯಂ ತೊಳೆಯುತ್ತಿದ್ದ ಆಮ್ಲದ ಮೋಡ ತೆಳುವಾದದ್ದರಿಂದ, ಮಣ್ಣು ಸುಧಾರಿಸುವುದಕ್ಕೆ ಮೊದಲೇ ಮರ ಚೇತರಿಸಿಕೊಂಡಿದೆ. ವಿಜ್ಞಾನಿಗಳಿಗೆ ಅಚ್ಚರಿಯಾದದ್ದು ಇದೇ.

ಮಣ್ಣಿನ ವರದಿ ಮಿಶ್ರವಾಗಿದೆ. ಈಶಾನ್ಯ ಅಮೆರಿಕ ಮತ್ತು ಪೂರ್ವ ಕೆನಡಾದ ಕಾಡುಗಳಲ್ಲಿ ದಶಕಗಳ ಹಿಂದೆ ಅಗೆದ ಗುಂಡಿಗಳ ಪಕ್ಕದಲ್ಲೇ ಮತ್ತೆ ಅಗೆದು ಹೋಲಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೇಲ್ಪದರದಲ್ಲಿ ವಿಷಕಾರಿ ಅಲ್ಯೂಮಿನಿಯಂ ಕಡಿಮೆಯಾಗಿತ್ತು. ಕೆಳಪದರದಲ್ಲಿ ಕ್ಯಾಲ್ಸಿಯಂ ಮಾತ್ರ ಹೆಚ್ಚಿನ ಕಡೆ ಏರಿರಲಿಲ್ಲ. ದಕ್ಷಿಣ ಅಪಲಾಚಿಯನ್‌ನಲ್ಲಿ ಇನ್ನೂ ತಡ. ಅಲ್ಲಿನ ಹಳೆಯ ಜೇಡಿಮಣ್ಣು ದಶಕಗಳ ಗಂಧಕವನ್ನು ಹೀರಿಟ್ಟುಕೊಂಡಿದೆ. ಮಳೆ ತಿಳಿಯಾಗುತ್ತ ಬಂದಂತೆ ಅದನ್ನು ಈಗ ನಿಧಾನವಾಗಿ ಹೊರಬಿಡುತ್ತಿದೆ, ಆ ಗಂಧಕ ಹೊರಹೋಗುವಾಗ ಉಳಿದ ಕ್ಯಾಲ್ಸಿಯಂನಲ್ಲೂ ಒಂದಿಷ್ಟನ್ನು ತನ್ನ ಜೊತೆಗೆ ಹಳ್ಳಕ್ಕೆ ಒಯ್ಯುತ್ತಿದೆ.